ಆಷಾಢದಲ್ಲಿ ಮನೆ ನೋಡಿ, ಶ್ರಾವಣದಲ್ಲಿ ಸಂಚಕಾರ ಕೊಡಿ: ಶಿಕಾರಿಪುರ–ಸೊರಬ ಸೀಮೆಯಲ್ಲಿ ಮನೆ ಕೊಳ್ಳುವವರಿಗೆ ಪರಿಶೀಲನೆಯ ಕೈಪಿಡಿ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಮನೆ ಕೊಳ್ಳುವ ಮಾತುಕತೆ ಬಹುಮಟ್ಟಿಗೆ ಸುಗ್ಗಿ ಮುಗಿದು, ಅಡಿಕೆ, ಭತ್ತ, ಮೆಕ್ಕೆಜೋಳದ ಹಣ ಕೈಸೇರಿದ ಮೇಲಿನ ಒಣ ತಿಂಗಳುಗಳಲ್ಲಿ ನಡೆಯುತ್ತದೆ. ಆ ಹೊತ್ತಿಗೆ ಗೋಡೆಗಳು ಒಣಗಿರುತ್ತವೆ, ಸುಣ್ಣಬಣ್ಣ ಹೊಸದಾಗಿರುತ್ತದೆ, ಅಂಗಳ ಗಟ್ಟಿಯಾಗಿರುತ್ತದೆ. ಮನೆಯ ದೋಷಗಳನ್ನು ಬಯಲಿಗೆಳೆಯಬಲ್ಲ ಮಳೆ ಮಾತ್ರ ಇನ್ನೂ ಬಂದಿರುವುದಿಲ್ಲ. ವೈಶಾಖದಲ್ಲಿ ನೋಂದಣಿ ಮುಗಿದು ಗೃಹಪ್ರವೇಶವೂ ಆಗಿ, ಆರಿದ್ರಾ ಮಳೆ ಹಿಡಿದ ಬಳಿಕ ತಾರಸಿಯ ಮೂಲೆಯಲ್ಲಿ ಮೊದಲ ಕಲೆ ಕಾಣಿಸಿಕೊಳ್ಳುತ್ತದೆ, ಪುಷ್ಯ ಮಳೆಯ ಹೊತ್ತಿಗೆ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರುತ್ತದೆ. ಆಗ ಕೊಂಡವರು ಮಾರಿದವರನ್ನು ದೂರುತ್ತಾರೆ, ಮಾರಿದವರು ‘ನೋಡಿಯೇ ಕೊಂಡಿರಲ್ಲ’ ಎನ್ನುತ್ತಾರೆ. ಈ ಉತ್ತರದಲ್ಲಿ ಕಾನೂನಿನ ದೃಷ್ಟಿಯಿಂದಲೂ ಸ್ವಲ್ಪ ಹುರುಳಿದೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ.

ಹಿಂದಿನ ಮನೆಗಳಿಗೆ ಇಂಥ ಪರಿಶೀಲನೆಯ ಅಗತ್ಯ ಅಷ್ಟಾಗಿ ಇರಲಿಲ್ಲ, ಏಕೆಂದರೆ ಅವು ತಮ್ಮ ಒಡಲನ್ನು ಮರೆಮಾಡುತ್ತಿರಲಿಲ್ಲ. ಮಣ್ಣಿನ ಇಲ್ಲವೆ ಜಂಬಿಟ್ಟಿಗೆಯ ಗೋಡೆ, ತಲೆಯೆತ್ತಿ ನೋಡಿದರೆ ಕಾಣುವ ತೊಲೆ, ಜಂತಿ, ರೀಪು, ಅವುಗಳ ಮೇಲೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತಯಾರಿಸತೊಡಗಿದ ಮಾದರಿಯ ಹಂಚು. ಇವುಗಳಲ್ಲಿ ಯಾವುದು ಕೆಟ್ಟರೂ ಕಣ್ಣಿಗೆ ಬೀಳುತ್ತಿತ್ತು. ಸಿಮೆಂಟು ಮತ್ತು ಕಬ್ಬಿಣ ಸೇರಿದ ಆರ್‌ಸಿಸಿ ಮನೆಯಲ್ಲಿ ಭಾರ ಹೊರುವ ಕಂಬಿ ಕಾಂಕ್ರೀಟಿನೊಳಗೂ ನೀರಿನ ಕೊಳವೆ ಗೋಡೆಯೊಳಗೂ ವಿದ್ಯುತ್ ತಂತಿ ಗಿಲಾವಿನೊಳಗೂ ಅಡಗಿರುವುದರಿಂದ, ಅದರ ಆರೋಗ್ಯವನ್ನು ಹೊರಗಿನ ಕುರುಹುಗಳಿಂದಲೇ ಊಹಿಸಬೇಕಾಗುತ್ತದೆ. ಹೀಗೆ ಕುರುಹುಗಳನ್ನು ಕ್ರಮವಾಗಿ ಹುಡುಕಿ, ಅಳೆದು, ಬರಹದಲ್ಲಿ ದಾಖಲಿಸುವ ಕೆಲಸವೇ ಮನೆ ಪರಿಶೀಲನೆ. ಅಮೆರಿಕದಲ್ಲಿ ಈ ವೃತ್ತಿಯವರು 1976ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡರು. ಕರ್ನಾಟಕದಲ್ಲಿ ಮನೆ ಪರಿಶೀಲಕರೆಂಬ ಹೆಸರಿಗೆ ಪ್ರತ್ಯೇಕ ಪರವಾನಗಿಯಿಲ್ಲದ ಕಾರಣ ಯಾರು ಬೇಕಾದರೂ ಆ ಫಲಕ ಹಾಕಿಕೊಳ್ಳಬಹುದು. ಆದ್ದರಿಂದ ಪರಿಶೀಲನೆ ನಂಬಿಕೆಗೆ ಯೋಗ್ಯವಾಗುವಂತೆ ನೋಡಿಕೊಳ್ಳುವ ಹೊಣೆ ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಪ್ರಕರಣದ ಪ್ರಕಾರ, ಮಾರುವವರು ತಮಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ ಮುಖ್ಯ ದೋಷಗಳನ್ನು ತಿಳಿಸಬೇಕು. ಆದರೆ ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಕಾಣಬಹುದಾಗಿದ್ದ ದೋಷ ಈ ಕಟ್ಟಳೆಯೊಳಗೆ ಬರುವುದಿಲ್ಲ. ಅಂದರೆ ನೆತ್ತಿಯ ಮೇಲಿನ ಬಿರುಕನ್ನು ನೋಡದೆ ಕೊಂಡವರು ಮುಂದೆ ಅದನ್ನು ಮುಚ್ಚಿಟ್ಟರೆಂದು ವಾದಿಸುವುದು ಕಷ್ಟ. ಇದೇ ಪ್ರಕರಣ ‘ಬೇರೆ ಕರಾರಿಲ್ಲದಿದ್ದರೆ’ ಎಂಬ ಮಾತಿನೊಂದಿಗೆ ಆರಂಭವಾಗುವುದರಿಂದ, ‘ಇದ್ದ ಸ್ಥಿತಿಯಲ್ಲಿಯೇ ಒಪ್ಪಿ ಕೊಂಡಿರುತ್ತಾರೆ’ ಎಂಬ ಸಾಲು ಪತ್ರದಲ್ಲಿ ಸೇರಿಕೊಂಡರೆ ಇದ್ದ ರಕ್ಷಣೆಯೂ ತೆಳುವಾಗುತ್ತದೆ. 2016ರ ರೇರಾ ಕಾಯಿದೆ ಕಟ್ಟಡದ ರಚನಾದೋಷಗಳಿಗೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ ನಿರ್ಮಾಪಕರನ್ನು ಹೊಣೆ ಮಾಡುತ್ತದೆಯಾದರೂ, 500 ಚದರ ಮೀಟರ್ ಮೀರದ ಜಾಗದ ಅಥವಾ 8 ಮನೆ ಮೀರದ ಯೋಜನೆಗಳಿಗೆ ನೋಂದಣಿ ಕಡ್ಡಾಯವಲ್ಲ. ಒಬ್ಬರು ತಮಗಾಗಿ ಕಟ್ಟಿಸಿ ಈಗ ಮಾರುತ್ತಿರುವ 30×40ರ ಮನೆಗೆ ಅದರಿಂದ ಸಿಗುವ ನೆರವು ಇಲ್ಲವೆಂದೇ ಹೇಳಬೇಕು. ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿಗಳಂಥ ಊರುಗಳಲ್ಲಿ ಕೈಬದಲಾಗುವ ಮನೆಗಳು ಬಹುಪಾಲು ಇಂಥವೇ.

ದಾಕ್ಷಿಣ್ಯ ಮತ್ತು ಋತು

ಈ ಸೀಮೆಯಲ್ಲಿ ಪರಿಶೀಲನೆ ಕೆಡುವುದು ಜ್ಞಾನದ ಕೊರತೆಯಿಂದಲ್ಲ, ದಾಕ್ಷಿಣ್ಯದಿಂದ. ಸಣ್ಣ ಊರಿನಲ್ಲಿ ಮಾರುವವರು ನೆಂಟರ ಕಡೆಯವರು, ದಲ್ಲಾಳಿ ಪರಿಚಯದವರು, ಕಟ್ಟಿದ ಮೇಸ್ತ್ರಿ ಪಕ್ಕದ ಕೇರಿಯವರು. ಬೀರು ಸರಿಸಿ ಗೋಡೆ ನೋಡಬೇಕೆಂದರೆ ಅವಮಾನವೆಂದು ಭಾವಿಸಿಯಾರೆಂಬ ಅಂಜಿಕೆ. ಮನೆ ನೋಡಲು ಹೋದವರು ಜಗಲಿಯಲ್ಲಿ ಕುಳಿತು ಚಹಾ ಕುಡಿದು, ದೇವರ ಕೋಣೆಗೆ ಕೈಮುಗಿದು ಹಿಂದಿರುಗುತ್ತಾರೆಯೇ ಹೊರತು ಅಟ್ಟ ಹತ್ತುವುದಿಲ್ಲ. ಹೊರಗಿನ ಎಂಜಿನಿಯರರೊಬ್ಬರು ಪಟ್ಟಿ ಹಿಡಿದು ಬಂದಾಗ ಈ ಮುಜುಗರ ಕಡಿಮೆಯಾಗುತ್ತದೆ, ಏಕೆಂದರೆ ಆಗ ಪ್ರಶ್ನೆ ಕೇಳುವವರು ನೆಂಟರಲ್ಲ, ಕೆಲಸದ ಮೇಲೆ ಬಂದವರು.

ಎರಡನೆಯ ಮಾತು ಋತುವಿನದು. ಆಷಾಢದಲ್ಲಿ ಶುಭಕಾರ್ಯ ಮಾಡುವುದಿಲ್ಲವೆಂದು ಮನೆಯ ವ್ಯವಹಾರವನ್ನು ನಿಲ್ಲಿಸುವುದು ಇಲ್ಲಿಯ ರೂಢಿ. ಆ ರೂಢಿಯನ್ನು ಮುರಿಯಬೇಕಾಗಿಲ್ಲ, ಅದನ್ನೇ ಅನುಕೂಲವಾಗಿ ಬಳಸಿಕೊಳ್ಳಬಹುದು: ಸಂಚಕಾರ, ಅಂದರೆ ಮುಂಗಡ ಹಣ, ಶ್ರಾವಣಕ್ಕೆ ಇರಲಿ, ಮನೆ ನೋಡುವ ಕೆಲಸ ಆಷಾಢದ ಮಳೆಯಲ್ಲಿ ನಡೆಯಲಿ. ಜುಲೈನ ಪುನರ್ವಸು, ಪುಷ್ಯ ಮಳೆಗಳು ಎಡೆಬಿಡದೆ ಸುರಿಯುವಾಗ ಒಂದು ಗಂಟೆಯಲ್ಲಿ ಕಾಣುವುದು ಏಪ್ರಿಲಿನಲ್ಲಿ ಇಡೀ ದಿನ ಹುಡುಕಿದರೂ ಕಾಣದು. ಬಾವಿಗೆ ಮಾತ್ರ ಇದು ತಿರುವುಮುರುವು. ಅದನ್ನು ನೋಡಬೇಕಾದ್ದು ಏಪ್ರಿಲ್–ಮೇ ತಿಂಗಳಲ್ಲಿ.

ಪರಿಶೀಲನೆಯ ಕ್ರಮ

1. ಪರಿಶೀಲಕರನ್ನು ಆರಿಸುವುದು. ಮನೆ ಮಾರಾಟವಾದರೂ ಆಗದಿದ್ದರೂ ಯಾವ ಲಾಭನಷ್ಟವೂ ಇಲ್ಲದವರು ಇದಕ್ಕೆ ತಕ್ಕವರು. ದಲ್ಲಾಳಿ ಸೂಚಿಸಿದವರು, ಆ ಮನೆಯ ನಕ್ಷೆ ಮಾಡಿದವರು, ಮುಂದೆ ದುರಸ್ತಿಯ ಗುತ್ತಿಗೆ ಹಿಡಿಯಬಯಸುವವರು ಬೇಡ. ಕಟ್ಟಡ ರಚನೆಯಲ್ಲಿ ಅನುಭವವಿರುವ ಸಿವಿಲ್ ಎಂಜಿನಿಯರ್ ಸ್ಥಳದಲ್ಲಿ ಸಿಗದಿದ್ದರೆ ಶಿವಮೊಗ್ಗ, ಸಾಗರ ಇಲ್ಲವೆ ಶಿರಸಿಯಿಂದ ಕರೆಸುವುದೇ ಒಳ್ಳೆಯದು. ಪ್ರಯಾಣದ ಖರ್ಚು ಹೆಚ್ಚಾದರೂ ದಾಕ್ಷಿಣ್ಯದ ಖರ್ಚು ಉಳಿಯುತ್ತದೆ. ಹಳೆಯ ಮಣ್ಣಿನ ಮನೆಯಾದರೆ ಎಂಜಿನಿಯರ್ ಒಬ್ಬರೇ ಸಾಲದು: ಇಂಥ ಗೋಡೆಗಳನ್ನು ಎಬ್ಬಿಸಿ ಬಲ್ಲ ಹಿರಿಯ ಮೇಸ್ತ್ರಿ, ಮರದ ಗುಣ ಬಲ್ಲ ಬಡಗಿ, ಪರವಾನಗಿ ಪಡೆದ ವೈರ್‌ಮನ್, ಈ ಮೂವರು ಅರ್ಧ ದಿನ ಜೊತೆಗಿರಬೇಕು. ಶುಲ್ಕವನ್ನು ಮೊದಲೇ ನಿಶ್ಚಿತ ಮೊತ್ತವಾಗಿ ಗೊತ್ತುಮಾಡಬೇಕು, ಮನೆಯ ಬೆಲೆಯ ಶೇಕಡಾವಾರು ಕೂಡದು. ಅವರು ಹಿಂದೆ ಬರೆದ ವರದಿಯೊಂದನ್ನು, ಹೆಸರು ಅಳಿಸಿಯಾದರೂ ಸರಿ, ತೋರಿಸಲು ಕೇಳಬೇಕು. ಛಾಯಾಚಿತ್ರವಿಲ್ಲದ, ಅಳತೆಯಿಲ್ಲದ, ‘ಮನೆ ಒಟ್ಟಾರೆ ಚೆನ್ನಾಗಿದೆ’ ಎಂದು ಮುಗಿಯುವ ವರದಿ ಬರೆಯುವವರಿಂದ ಪ್ರಯೋಜನವಿಲ್ಲ.

2. ಕರಾರಿನಲ್ಲಿ ಷರತ್ತು. ಮಳೆಗಾಲದವರೆಗೆ ಕಾಯಲು ಮಾರುವವರು ಒಪ್ಪದೆ ಸಂಚಕಾರ ಮೊದಲೇ ಕೊಡಬೇಕಾಗಿ ಬಂದರೆ, ಕರಾರು ಪತ್ರದಲ್ಲಿ ಮೂರು ಮಾತು ಸೇರಬೇಕು: ಇಂತಿಷ್ಟು ದಿನದೊಳಗೆ ಕೊಳ್ಳುವವರು ತಮ್ಮ ಎಂಜಿನಿಯರರಿಂದ ಪರಿಶೀಲನೆ ಮಾಡಿಸುತ್ತಾರೆ, ರಚನಾದೋಷ ಕಂಡರೆ ಬೆಲೆ ಇಳಿಸಬೇಕು ಅಥವಾ ಸಂಚಕಾರವನ್ನು ಪೂರ್ತಿ ಹಿಂದಿರುಗಿಸಬೇಕು, ಮನೆಯ ದೋಷಗಳ ಬಗ್ಗೆ ಮಾರುವವರು ತಮಗೆ ತಿಳಿದಿದ್ದನ್ನು ಬರಹದಲ್ಲಿ ಕೊಟ್ಟಿದ್ದಾರೆ. ಈ ಮೂರನೆಯದು ಬಲು ಮುಖ್ಯ, ಏಕೆಂದರೆ ಬರೆದು ಸಹಿ ಹಾಕಬೇಕಾದಾಗ ಜನ ಬಾಯಿಮಾತಿಗಿಂತ ಹೆಚ್ಚು ಸತ್ಯ ಹೇಳುತ್ತಾರೆ.

3. ಮನೆಗಿಂತ ಮೊದಲು ನೆಲ. ಇವೆರಡೂ ಕೆರೆಗಳ ತಾಲ್ಲೂಕುಗಳು. ಶಿಕಾರಿಪುರಕ್ಕೆ ಹುಚ್ಚರಾಯನ ಕೆರೆ ಮಗ್ಗುಲಲ್ಲೇ ಇದೆ, ಸೊರಬ ಪಟ್ಟಣ ದಂಡಾವತಿ ಹೊಳೆಯ ದಡದಲ್ಲಿದೆ, ಹಳ್ಳಿಹಳ್ಳಿಗೂ ಏರಿ, ಕೋಡಿ, ತೂಬು, ಕಾಲುವೆಗಳಿವೆ. ಊರು ಬೆಳೆದಂತೆ ಬಡಾವಣೆಗಳು ಕೆರೆಯ ಕೆಳಗಿನ ಗದ್ದೆಬಯಲಿಗೂ ಇಳಿಯುತ್ತವೆ. ಗದ್ದೆಯನ್ನು ತಲೆಮಾರುಗಳ ಕಾಲ ಕೆಸರು ಮಾಡಿ ಉತ್ತಿರುವುದರಿಂದ ಅದರ ಅಡಿಯಲ್ಲಿ ನೀರು ಇಳಿಯಗೊಡದ ಗಟ್ಟಿ ಪದರವೊಂದು ಕಟ್ಟಿಕೊಂಡಿರುತ್ತದೆ. ಅದರ ಮೇಲೆ ಗ್ರಾವೆಲ್ ಮಣ್ಣು ಸುರಿದು ಎತ್ತರಿಸಿದಾಗ, ಆ ಮಣ್ಣನ್ನು 15–20 ಸೆಂಟಿಮೀಟರ್ ದಪ್ಪದ ಪದರಗಳಾಗಿ ನೀರು ಹಾಕಿ ದಮ್ಮಸ್ಸು ಮಾಡದಿದ್ದರೆ ಅದು ಮುಂದೆ ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಮನೆಯ ಎಲ್ಲ ಭಾಗವೂ ಒಂದೇ ಸಮ ಕುಸಿದರೆ ಹಾನಿ ಕಡಿಮೆ. ಒಂದು ಮೂಲೆ ಹಳೆಯ ಬದುವಿನ ಗಟ್ಟಿ ನೆಲದ ಮೇಲೂ ಇನ್ನೊಂದು ಮೂಲೆ ತುಂಬಿದ ಮಣ್ಣಿನ ಮೇಲೂ ನಿಂತಿದ್ದರೆ ಗೋಡೆ ಸೀಳುತ್ತದೆ.

ನಿವೇಶನ ಹಿಂದೆ ಗದ್ದೆಯಾಗಿತ್ತೇ ಎಂಬುದನ್ನು ತಿಳಿಯಲು ಸುಲಭದ ದಾರಿಯೊಂದಿದೆ. ಆ ಸರ್ವೆ ನಂಬರಿನ ಹಳೆಯ ಪಹಣಿಯನ್ನು ತೆಗೆಸಿ ನೋಡಿದರೆ ಜಮೀನು ತರಿ, ಖುಷ್ಕಿ, ಬಾಗಾಯ್ತು ಎಂಬ ಮೂರರಲ್ಲಿ ಯಾವುದೆಂದು ನಮೂದಾಗಿರುತ್ತದೆ: ತರಿ ಎಂದರೆ ನೀರು ನಿಲ್ಲುವ ಗದ್ದೆ, ಖುಷ್ಕಿ ಎಂದರೆ ಮಳೆಯಾಶ್ರಯದ ಒಣಭೂಮಿ, ಬಾಗಾಯ್ತು ಎಂದರೆ ತೋಟ. ಪಹಣಿಯಲ್ಲಿ ತರಿ ಎಂದಿದ್ದರೆ ಅಡಿಪಾಯದ ಬಗ್ಗೆ ಎರಡು ಪಟ್ಟು ಪ್ರಶ್ನೆ ಕೇಳಬೇಕು. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ರಾಜ್ಯದ ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪನ್ನು ಮೊಬೈಲಿನಲ್ಲಿ ತೆರೆದು ಆ ಜಾಗದಲ್ಲಿ ನಿಂತರೆ ತಿಳಿಯುತ್ತದೆ. ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ, ಕೆರೆಯ ಅಂಗಳ ಎಲ್ಲೆಲ್ಲಿವೆಯೆಂಬುದನ್ನೂ ಅದರೊಂದಿಗೆ ತಾಳೆ ನೋಡಬೇಕು. ಕಾಲುವೆಯ ಮೇಲೆ ಕಾಂಪೌಂಡ್ ಬಂದಿದ್ದರೆ ಮಳೆಯ ನೀರು ಮುಂದೊಂದು ದಿನ ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಬೀದಿಯ ಹಿರಿಯರನ್ನು ಕೇಳಲು ಮರೆಯಬಾರದು. ಯಾವ ವರ್ಷ ಯಾರ ಮನೆಯ ಮೆಟ್ಟಿಲವರೆಗೆ ನೀರು ಬಂದಿತ್ತೆಂಬುದು ಅವರಿಗೆ ನೆನಪಿರುತ್ತದೆ.

4. ಬಿರುಕುಗಳನ್ನು ಓದುವುದು. ಬಿರುಕು ಕಂಡ ಕೂಡಲೇ ಮನೆ ಬೇಡವೆನ್ನುವುದೂ ತಪ್ಪು, ‘ಎಲ್ಲ ಮನೆಯಲ್ಲೂ ಇರುತ್ತದೆ’ ಎಂದು ಬಿಡುವುದೂ ತಪ್ಪು. ಬಿರುಕಿನ ಅಗಲ, ದಿಕ್ಕು, ಚಲನೆ ಈ ಮೂರನ್ನು ನೋಡಬೇಕು. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ವರ್ಗೀಕರಣದಲ್ಲಿ 1 ಮಿಲಿಮೀಟರ್‌ವರೆಗಿನ ಬಿರುಕು ಬಣ್ಣ ಬಳಿಯುವಾಗ ಮುಚ್ಚಿಹೋಗುವಂಥದ್ದು, 5 ಮಿಲಿಮೀಟರ್‌ವರೆಗಿನದು ತುಂಬಿ ಸರಿಪಡಿಸಬಹುದಾದದ್ದು, ಅದನ್ನು ಮೀರಿದ್ದು ಗೋಡೆಯನ್ನೇ ಬಿಚ್ಚಿ ದುರಸ್ತಿ ಮಾಡಬೇಕಾಗಬಹುದಾದದ್ದು. ಅಳೆಯಲು ವಿಶೇಷ ಸಾಧನ ಬೇಕಿಲ್ಲ: ಎಟಿಎಂ ಕಾರ್ಡಿನ ದಪ್ಪ ಸುಮಾರು ಮುಕ್ಕಾಲು ಮಿಲಿಮೀಟರ್, ಒಂದರ ಮೇಲೊಂದಿಟ್ಟ ಎರಡು ಕಾರ್ಡುಗಳದ್ದು ಒಂದೂವರೆ. ಒಂದು ಕಾರ್ಡಿನ ಅಂಚೂ ಹೋಗದ ಕಡೆ ಸಾಮಾನ್ಯವಾಗಿ ಚಿಂತೆಯಿಲ್ಲ. ಎರಡು ಕಾರ್ಡು ಸಲೀಸಾಗಿ ಹೋದರೆ ಎಂಜಿನಿಯರ್ ಕಾರಣ ಹೇಳಲೇಬೇಕು.

ದಿಕ್ಕು ಇನ್ನೂ ಹೆಚ್ಚು ಹೇಳುತ್ತದೆ. ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕು ಸಿಮೆಂಟು ಬೇಗ ಒಣಗಿದ್ದರ ಗುರುತು, ಕ್ಯೂರಿಂಗ್ ಅಂದರೆ ನೀರುಣಿಸುವ ಕೆಲಸ ಸಾಲದೆ ಹೋದದ್ದರ ಫಲ. ಗೋಡೆಯೂ ತಾರಸಿಯೂ ಕೂಡುವಲ್ಲಿ ಉದ್ದಕ್ಕೆ ಅಡ್ಡವಾಗಿ ಹೋದದ್ದು ಬಹಳ ಸಲ ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುವುದರಿಂದ ಆದದ್ದು. ಕಿಟಕಿಯ ಮೂಲೆಯಿಂದ ಹೊರಟು ಗೋಡೆಯ ಮೇಲೆ ಮೆಟ್ಟಿಲಿನಂತೆ ಓರೆಯಾಗಿ ಏರುವ ಬಿರುಕು ಅಡಿಪಾಯ ಒಂದು ಕಡೆ ಇಳಿಯುತ್ತಿರುವುದರ ಸೂಚನೆಯಾಗಿರಬಹುದು, ಅದೇ ಅತಿ ಗಂಭೀರ. ಅಂಥ ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದು, ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಅಂಟಿಸಿ ಬಿಟ್ಟರೆ, ಗೋಡೆ ಚಲಿಸಿದ ದಿನ ಗಾಜು ಸೀಳುತ್ತದೆ. ಒಂದು ಮಳೆಗಾಲ ದಾಟಿಯೂ ಗಾಜು ಹಾಗೆಯೇ ಇದ್ದರೆ ನೆಲ ಕುಳಿತು ಮುಗಿದಿದೆಯೆಂದು ಸಾಕಷ್ಟು ಧೈರ್ಯದಿಂದ ಹೇಳಬಹುದು.

ನೆಲ ಮಟ್ಟವಾಗಿದೆಯೇ ಎಂದು ನೋಡಲು ಮೇಸ್ತ್ರಿಗಳ ಲೆವೆಲ್ ಪೈಪಿಗಿಂತ ಉತ್ತಮ ಉಪಕರಣವಿಲ್ಲ. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಯಿಲ್ಲದಂತೆ ನೀರು ತುಂಬಿ, ಒಂದು ತುದಿಯನ್ನು ಮುಂಬಾಗಿಲ ಬಳಿಯೂ ಇನ್ನೊಂದನ್ನು ಹಿಂದಿನ ಅಡುಗೆಮನೆಯ ಮೂಲೆಯಲ್ಲೂ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿಂದ ನೆಲದವರೆಗಿನ ಎತ್ತರದಲ್ಲಿ ಬರುವ ವ್ಯತ್ಯಾಸವೇ ನೆಲದ ಇಳಿಜಾರು. ಬಚ್ಚಲಿನತ್ತ ಇಳಿಜಾರಿದ್ದರೆ ಸರಿ, ಹೊರಗೋಡೆಯ ಒಂದು ಮೂಲೆಯತ್ತ ಇದ್ದರೆ ಆ ಮೂಲೆಯ ಅಡಿಪಾಯವನ್ನು ಅಗೆದು ನೋಡಬೇಕು.

5. ತಾರಸಿ ಮತ್ತು ಕಂಬಿ. ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯದಿರುವುದು ಸಿಮೆಂಟಿನ ಕ್ಷಾರಗುಣದಿಂದ. ಗಾಳಿಯ ಇಂಗಾಲದ ಡೈಆಕ್ಸೈಡ್ ತೇವದೊಂದಿಗೆ ಒಳಗಿಳಿದು ಆ ಕ್ಷಾರವನ್ನು ಕ್ರಮೇಣ ತೀರಿಸಿದಾಗ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ತನ್ನ ಕೆಳಗಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ತಾರಸಿಯ ಕಂಬಿಯ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುವುದು ಇದಕ್ಕಾಗಿಯೇ. ಕಂಬಿಯ ಕೆಳಗೆ ಬಿಲ್ಲೆ ಇಡದೆ ಸೆಂಟ್ರಿಂಗ್ ಹಲಗೆಗೆ ತಾಗಿಸಿ ಕಾಂಕ್ರೀಟ್ ಹಾಕಿದ ಮನೆಗಳಲ್ಲಿ ಈ ಹೊದಿಕೆ ಇರುವುದೇ ಇಲ್ಲ.

ಒಳಗಿನಿಂದ ಮಾಳಿಗೆಯ ತಳಭಾಗವನ್ನು ಉದ್ದನೆಯ ಕೋಲಿನಿಂದ ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗಬೇಕು. ಗಟ್ಟಿಯಾದ ಕಡೆ ಸದ್ದು ಚುರುಕಾಗಿರುತ್ತದೆ. ಗಿಲಾವು ಇಲ್ಲವೆ ಕಾಂಕ್ರೀಟ್ ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು ಬರುತ್ತದೆ. ಕಂದು ಬಣ್ಣದ ಗೆರೆ ಕಂಬಿಯ ಸಾಲನ್ನೇ ಹಿಡಿದು ನೇರವಾಗಿ ಹೋಗಿದ್ದರೆ, ಅದು ನೀರಿನ ಕಲೆಯಲ್ಲ, ತುಕ್ಕು. ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲಬೇಕು. ಸಂದೇಹ ಉಳಿದರೆ ಎಂಜಿನಿಯರ್ ರಿಬೌಂಡ್ ಹ್ಯಾಮರ್ ಎಂಬ ಸ್ಪ್ರಿಂಗಿನ ಸುತ್ತಿಗೆಯಿಂದ ಕಾಂಕ್ರೀಟಿನ ಮೇಲ್ಮೈಯ ಗಡಸುತನ ಅಳೆಯಬಹುದು. ಆದರೆ ಅದು ಮೇಲ್ಮೈಯ ಮಾತು ಮಾತ್ರ ಹೇಳುತ್ತದೆ, ಅದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ಮಳೆಯಿಲ್ಲದ ದಿನಗಳಲ್ಲಿ ತಾರಸಿಯ ಮೇಲೆ ನೀರು ನಿಲ್ಲಿಸಿ ನೋಡುವ ಪದ್ಧತಿಯಿದೆ. ನೀರು ಹೋಗುವ ತೂತುಗಳನ್ನು ಮುಚ್ಚಿ ಒಂದು ಅಂಗುಲದಷ್ಟು ನೀರನ್ನು 24ರಿಂದ 48 ಗಂಟೆ ನಿಲ್ಲಿಸಿದರೆ ಸೋರುವ ಜಾಗ ಗೊತ್ತಾಗುತ್ತದೆ. ಅಷ್ಟು ನೀರು ಪ್ರತಿ ಚದರ ಮೀಟರಿಗೆ ಸುಮಾರು 25 ಕಿಲೋ ಭಾರ ಹೇರುವುದರಿಂದ, ತಳದಲ್ಲಿ ಕಂಬಿ ಕಾಣುತ್ತಿರುವ ಮಾಳಿಗೆಯ ಮೇಲೆ ಈ ಪ್ರಯೋಗ ಕೂಡದು.

6. ಗೋಡೆಯ ತೇವ. ನೆಲದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರುತ್ತದೆ, ಸಾಮಾನ್ಯವಾಗಿ ಮೊಣಕಾಲಿನಿಂದ ಸೊಂಟದ ಎತ್ತರದವರೆಗೆ. ನೀರು ಆರಿದ ಮೇಲೆ ಉಳಿಯುವ ಬಿಳಿ ಉಪ್ಪಿನ ಹುಡಿ ಬಣ್ಣವನ್ನು ತಳ್ಳಿ ಉದುರಿಸುತ್ತದೆ. ಅಡಿಪಾಯದ ಮೇಲೆ ಕಾಂಕ್ರೀಟಿನ ಬೆಲ್ಟ್ ಮತ್ತು ತೇವ ತಡೆಯುವ ಪದರ ಹಾಕಿರದ ಮನೆಗಳಿಗೆ ಈ ಕಷ್ಟ ತಪ್ಪದು. ತೇವ ಗೋಡೆಯಿಂದ ಬರುತ್ತಿದೆಯೋ ಕೋಣೆಯ ಗಾಳಿಯಿಂದಲೋ ಎಂದು ತಿಳಿಯಲು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಮರುದಿನ ನೋಡಬೇಕು. ಹನಿ ಹಾಳೆಯ ಒಳಮೈಯಲ್ಲಿದ್ದರೆ ತೇವ ಗೋಡೆಯದು, ಹೊರಮೈಯಲ್ಲಿದ್ದರೆ ಕೋಣೆಗೆ ಗಾಳಿಯಾಡುತ್ತಿಲ್ಲ. ಬೀರು, ಅಕ್ಕಿಚೀಲ, ಗೋದ್ರೇಜ್‌ಗಳ ಹಿಂದಿನ ಗೋಡೆಯನ್ನು ನೋಡದೆ ಬರಬಾರದು.

7. ಹಂಚಿನ ಮನೆ. ಚಂದ್ರಗುತ್ತಿಯ ಕಡೆ, ಸೊರಬದ ಪಶ್ಚಿಮಕ್ಕೆ ಹೋದಂತೆ ಇವು ಹೆಚ್ಚು. ನಡುಮಧ್ಯಾಹ್ನ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಕತ್ತಲು ಮಾಡಿಕೊಂಡು ಮೇಲೆ ನೋಡಿದರೆ, ಹಂಚು ಒಡೆದ, ಸರಿದ ಜಾಗಗಳೆಲ್ಲ ಬೆಳಕಿನ ಚುಕ್ಕೆಗಳಾಗಿ ಕಾಣುತ್ತವೆ. ಹಂಚು ಬದಲಿಸುವುದು ಸಣ್ಣ ಖರ್ಚು, ತೊಲೆ ಬದಲಿಸುವುದು ದೊಡ್ಡದು. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗ ಮತ್ತು ಬಾಗಿಲ ಚೌಕಟ್ಟಿನ ನೆಲಮಟ್ಟದ ಒಂದು ಗೇಣು, ಇವೆರಡರಲ್ಲಿಯೇ ಗೆದ್ದಲು ಮತ್ತು ಕೊಳೆ ಮೊದಲು ಶುರುವಾಗುವುದು. ಬಡಗಿ ಅಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ಒಳ್ಳೆಯ ಮತ್ತಿ, ಹೊನ್ನೆ, ಸಾಗುವಾನಿ ಜಗ್ಗುವುದಿಲ್ಲ, ಗೆದ್ದಲು ತಿಂದ ಮರ ಬಿಸ್ಕತ್ತಿನಂತೆ ಒಳಗೆ ಹೋಗುತ್ತದೆ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಸುರಂಗ ಕಂಡರೆ ಅದನ್ನು ಒಂದು ಕಡೆ ಮುರಿದು ಬಿಟ್ಟು, ಕೆಲವು ದಿನಗಳಲ್ಲಿ ಮತ್ತೆ ಕಟ್ಟಿದೆಯೇ ಎಂದು ನೋಡಿದರೆ ಗೆದ್ದಲು ಈಗಲೂ ಇದೆಯೋ ಇಲ್ಲವೋ ತಿಳಿಯುತ್ತದೆ. ಅಡಿಕೆ ದಬ್ಬೆಯ ರೀಪುಗಳಿದ್ದರೆ ಅವನ್ನು ಆಗಾಗ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಬೇಕು.

ಮಣ್ಣಿನ ಗೋಡೆಗೆ ಯಾರಾದರೂ ಸಿಮೆಂಟಿನ ಗಿಲಾವು ಮಾಡಿಸಿದ್ದರೆ ಅದನ್ನು ಸುಧಾರಣೆಯೆಂದು ತಿಳಿಯಬಾರದು. ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಬಿಡುತ್ತ ಬದುಕುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚಿದಾಗ ನೀರು ಒಳಗೇ ಉಳಿದು ಗೋಡೆಯ ಬುಡ ಮೆತ್ತಗಾಗುತ್ತದೆ. ಹೊರಗೆ ನುಣುಪಾಗಿ ಕಂಡು ಒಳಗೆ ಕರಗುತ್ತಿರುವ ಇಂಥ ಗೋಡೆ ಹಳೆಯ ಮನೆಗಳ ಅತ್ಯಂತ ಅಪಾಯದ ದೋಷ.

8. ಬಾವಿ, ಬೋರು, ಗುಂಡಿ. ಬಾವಿಯನ್ನು ಮೇ ತಿಂಗಳಲ್ಲಿ ನೋಡಲಾಗದಿದ್ದರೆ ಒಳಗೋಡೆಯ ಮೇಲಿನ ನೀರಿನ ಗೆರೆಗಳನ್ನು ನೋಡಿ, ನೆರೆಯವರನ್ನು ಕೇಳಬೇಕು. ಬೋರನ್ನು ಕನಿಷ್ಠ 2 ಗಂಟೆ ಓಡಿಸಿ, ಮೊದಲಲ್ಲಿಯೂ ಕೊನೆಯಲ್ಲಿಯೂ 20 ಲೀಟರಿನ ಬಕೆಟ್ ತುಂಬಲು ಹಿಡಿಯುವ ಸೆಕೆಂಡುಗಳನ್ನು ಎಣಿಸಬೇಕು. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 1,800 ಲೀಟರ್. ಕೊನೆಯಲ್ಲಿ ಬರುವ ನೀರು ಮೊದಲಿಗಿಂತ ಬಹಳ ಕಡಿಮೆಯಾದರೆ ಬೇಸಗೆಯಲ್ಲಿ ತೊಂದರೆ ಖಚಿತ. ಪಾಯಖಾನೆಯ ಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್, ಅಂದರೆ 50 ಅಡಿ ದೂರವಿರಬೇಕು, ಸಾಧ್ಯವಾದರೆ ಇಳಿಜಾರಿನ ಕೆಳಗಿರಬೇಕು. ರಂಧ್ರಗಳು ತುಂಬಿದ ಜಂಬಿಟ್ಟಿಗೆಯ ನೆಲದಲ್ಲಿ ಕೊಳೆನೀರು ಬೇಗ ಹರಿಯುವುದರಿಂದ ಪಕ್ಕದ ಮನೆಯವರ ಗುಂಡಿಯನ್ನೂ ಅಳತೆಗೆ ಸೇರಿಸಬೇಕು. ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟಾಗ, ಐಎಸ್ 10500ರ ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಫ್ಲೋರೈಡ್ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಲೇಬಾರದು, 100 ಮಿಲಿಲೀಟರಿನಲ್ಲಿ ಇ-ಕೋಲಿ ಎಂಬ ಮಲದ ಬ್ಯಾಕ್ಟೀರಿಯಾ ಒಂದೂ ಇರಬಾರದು.

9. ವಿದ್ಯುತ್ತು. ಮೆಸ್ಕಾಂ ಬಿಲ್ಲಿನ ಆರ್‌ಆರ್ ನಂಬರು ಮೀಟರಿಗೆ ಹೊಂದುತ್ತದೆಯೇ, ಬಾಕಿ ಇದೆಯೇ, ಮಂಜೂರಾದ ಲೋಡು ಎಷ್ಟು ಎಂದು ನೋಡಿ, ಅರ್ಥಿಂಗ್ ಗುಂಡಿ ಎಲ್ಲಿದೆಯೆಂದು ತೋರಿಸಲು ಹೇಳಬೇಕು. ನೆಲಕ್ಕೆ ಸೋರುವ ವಿದ್ಯುತ್ತನ್ನು ಕಂಡು ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

10. ಅಳತೆ ಮತ್ತು ಕಾಗದ. ಟೇಪು ಹಿಡಿದು ಅಳೆದ ನಿವೇಶನ ಮತ್ತು ಕಟ್ಟಡ, ಹಳ್ಳಿಯಾದರೆ ಇ-ಸ್ವತ್ತಿನ ನಮೂನೆ-9 ಮತ್ತು 11ರಲ್ಲಿ, ಪಟ್ಟಣವಾದರೆ ಇ-ಆಸ್ತಿಯ ಖಾತೆಯಲ್ಲಿ ಇರುವ ಅಳತೆಗೂ ಚಕ್ಕುಬಂದಿಗೂ ಹೊಂದಬೇಕು. ಋಣಭಾರ ಪತ್ರವನ್ನು ಕಾವೇರಿ ತಂತ್ರಾಂಶದಲ್ಲಿ ತೆಗೆಸಬಹುದು. ಸರ್ಕಾರಿ ಜಮೀನಿನಲ್ಲಿ ಕಟ್ಟಿ 94ಸಿ ಅಥವಾ 94ಸಿಸಿ ಅಡಿಯಲ್ಲಿ ಸಕ್ರಮವಾದ ಮನೆಯಾದರೆ ಮಂಜೂರಾತಿಯ ಷರತ್ತುಗಳನ್ನೂ, ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯಿದೆಯ ನಿರ್ಬಂಧವನ್ನೂ ವಕೀಲರಿಗೆ ತೋರಿಸದೆ ಮುಂದುವರಿಯಬಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬ್ಯಾಂಕು ಸಾಲ ಮಂಜೂರು ಮಾಡಿತೆಂದ ಮೇಲೆ ಮನೆ ಗಟ್ಟಿಯಿದೆ ಎಂದು ತಿಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಆಸ್ತಿಯನ್ನು ಮಾರಿದರೆ ಸಾಲ ತೀರೀತೇ ಎಂಬುದನ್ನು. ನಿವೇಶನದ ಬೆಲೆಯೊಂದರಿಂದಲೇ ಸಾಲ ತೀರುವಂತಿದ್ದರೆ ತಾರಸಿ ಸೋರುವುದು ಅವರ ಲೆಕ್ಕವನ್ನು ಬದಲಿಸುವುದಿಲ್ಲ.

ವಾಸ್ತು ನೋಡುವವರನ್ನು ಕರೆದೊಯ್ದು ಎಂಜಿನಿಯರರನ್ನು ಬಿಡುವುದು ಎರಡನೆಯದು. ನಂಬಿಕೆಯುಳ್ಳವರು ವಾಸ್ತು ನೋಡಿಸಿಕೊಳ್ಳಲಿ, ಆದರೆ ಈಶಾನ್ಯದ ಮೂಲೆಯ ಕೆಳಗಿನ ಮಣ್ಣು ತುಂಬಿದ್ದೋ ಹುಟ್ಟುನೆಲವೋ ಎಂಬುದನ್ನು ಹಾರೆಯೇ ಹೇಳಬೇಕು. ಹೊಸ ಮನೆಯೆಂಬ ಕಾರಣಕ್ಕೆ ಪರಿಶೀಲನೆ ಬಿಡುವವರೂ ಇದ್ದಾರೆ. ಒಂದೂ ಮಳೆಗಾಲ ಕಾಣದ ಮನೆ ಇನ್ನೂ ಪರೀಕ್ಷೆಗೆ ಕುಳಿತಿಲ್ಲವೆಂದೇ ಅರ್ಥ. ವರದಿ ಕೈಗೆ ಬಂದ ಮೇಲೆ ಅದನ್ನು ಓದದೆ ‘ಕೊಳ್ಳಬಹುದೋ ಬೇಡವೋ ಹೇಳಿ’ ಎಂದು ಎಂಜಿನಿಯರರನ್ನು ಕೇಳುವುದೂ ಸರಿಯಲ್ಲ. ತಕ್ಷಣ ಅಪಾಯದ್ದು, ಒಂದೆರಡು ವರ್ಷದಲ್ಲಿ ದುರಸ್ತಿ ಬೇಡುವುದು, ಬರಿಯ ಅಂದದ ದೋಷ ಎಂದು ಮೂರು ಭಾಗ ಮಾಡಿ, ಪ್ರತಿಯೊಂದಕ್ಕೂ ಅಂದಾಜು ಖರ್ಚು ಬರೆಸಿಕೊಂಡರೆ ಬೆಲೆಯ ಮಾತಿಗೆ ಕೂರಲು ಆಧಾರ ಸಿಗುತ್ತದೆ.

ಎಚ್ಚರಿಕೆ

ಪಾಯಖಾನೆ ಗುಂಡಿಯ ಮುಚ್ಚಳ ತೆಗೆದು ಬಗ್ಗಿ ನೋಡಬಾರದು, ಒಳಗೆ ಇಳಿಯಲೇಬಾರದು. ಅಲ್ಲಿ ಕಟ್ಟಿಕೊಂಡ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಹಂಚಿನ ಮಾಡು ಹತ್ತಬಾರದು. ಒದ್ದೆ ಗೋಡೆಯ ಮೇಲಿನ ಸ್ವಿಚ್ಚು, ಮೀಟರ್ ಪೆಟ್ಟಿಗೆಗಳನ್ನು ವೈರ್‌ಮನ್ ಇಲ್ಲದೆ ಮುಟ್ಟಬಾರದು. ಅಡಿಪಾಯದ ಬಳಿ ಅಗೆದು ನೋಡುವುದಿದ್ದರೆ ಮನೆಯೊಡೆಯರ ಒಪ್ಪಿಗೆ ಪಡೆದು, ಒಂದು ಕಡೆ ಸಣ್ಣ ಗುಂಡಿ ಮಾತ್ರ ತೆಗೆದು, ಅಂದೇ ಮುಚ್ಚಿ ದಮ್ಮಸ್ಸು ಮಾಡಿಸಬೇಕು.

ಕಾದು ನೋಡಬೇಕಾದ ಪರೀಕ್ಷೆಗಳನ್ನು ಬಿಟ್ಟರೆ ಇದಕ್ಕೆಲ್ಲ ಮುಖ್ಯವಾಗಿ ಬೇಕಾಗುವುದು ಒಂದು ದಿನದ ಕೆಲಸ, ಒಬ್ಬ ಎಂಜಿನಿಯರರ ಶುಲ್ಕ, ಮತ್ತು ಮಾರುವವರ ಸಹಕಾರ. ತಮ್ಮ ಮನೆಯ ಬಗ್ಗೆ ನಿಶ್ಚಿಂತೆಯಿರುವವರು ಬೀರು ಸರಿಸಿ, ಅಟ್ಟಕ್ಕೆ ಏಣಿ ಹಾಕಿ ಕೊಡುತ್ತಾರೆ. ಜೋರು ಮಳೆಯ ದಿನ ಮನೆ ನೋಡಲು ಬರುತ್ತೇವೆಂದಾಗ ಸಕಾರಣವಿಲ್ಲದೆ ಮತ್ತೆ ಮತ್ತೆ ದಿನ ಮುಂದೂಡುವವರ ಮನೆಯನ್ನು, ಎಷ್ಟೇ ಹತ್ತಿರದ ನೆಂಟರದ್ದಾಗಿರಲಿ, ಬಿಡುವುದೇ ಲೇಸು.